ಈ ಸಲ ಈಸ್ಟರ್ ಸಿಂಪಲ್

"ಈ ಸಲ ಈಸ್ಟರ್ ಸಿಂಪಲ್. ಎಲ್ಲರೂ ಮನೆಯಲ್ಲೇ ಆರಾಮಾಗಿ ಇರೋಣ" ಅಂತ ಮಮ್ಮಿ ಹೇಳಿದರೆ ನಮ್ಮ ಮನೆಯಲ್ಲಿ ಯಾರೂ ನಂಬುವುದಿಲ್ಲ. ಮಂಗಳೂರಿನ ಕ್ರೈಸ್ತರ ಮನೆಯಲ್ಲಿ ಸಿಂಪಲ್ ಅಂದರೆ ಹಂದಿ ಮಾಂಸ ಎರಡು ಕೆಜಿಯಿಂದ ಒಂದೂಮುಕ್ಕಾಲಿಗೆ ಇಳಿಯುವುದು, ಅಷ್ಟೇ.

ಮೆಲ್ಬರ್ನಿನಲ್ಲಿರುವ ಅಕ್ಕನಿಗೆ ಶುಕ್ರವಾರದಿಂದ ಸೋಮವಾರದವರೆಗೆ ಸಾಲು ರಜೆ. ನಮಗೆ ಗುಡ್ ಫ್ರೈಡೇ ಒಂದೇ ರಜೆ, ಆದಿತ್ಯವಾರ ಹೇಗೂ ಇದ್ದದ್ದೇ. ಹಬ್ಬದ ತಾರೀಕಾದರೂ ಒಂದು ಕಡೆ ನಿಲ್ಲುತ್ತದಾ? ಅದೂ ಇಲ್ಲ. ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಮೊದಲ ಹುಣ್ಣಿಮೆ ನೋಡಬೇಕು, ಅದು ಕಳೆದು ಬರುವ ಆದಿತ್ಯವಾರ ಹಿಡಿಯಬೇಕು. 2024ರಲ್ಲಿ ಮಾರ್ಚ್ 31ಕ್ಕೆ ಬಂತು, 2025ರಲ್ಲಿ ಏಪ್ರಿಲ್ 20ಕ್ಕೆ. ಯಾವತ್ತು ಬಂದರೂ ನಮ್ಮೂರಿನ ಸೆಕೆ ಮಾತ್ರ ತಪ್ಪುವುದಿಲ್ಲ.

ಗುಡ್ ಫ್ರೈಡೇ ದಿನ ಪಪ್ಪಾ ಬೆಳಿಗ್ಗೆಯೇ ಕಾನೂನು ತೆಗೆದರು. ಉಪವಾಸದ ಕಟ್ಟುಪಾಡು 18 ತುಂಬಿದವರಿಂದ 59 ತುಂಬುವವರೆಗೆ ಮಾತ್ರ. ಅವರಿಗೆ ಅರವತ್ತು ದಾಟಿದೆ. "ರೈಲ್ವೆಯವರು ಹಿರಿಯರ ರಿಯಾಯಿತಿ 2020ರಲ್ಲೇ ನಿಲ್ಲಿಸಿದರು. ಇಗರ್ಜಿಯವರು ಇನ್ನೂ ಇಟ್ಟುಕೊಂಡಿದ್ದಾರೆ ನೋಡು" ಅಂತ ನನಗೆ ಹೇಳಿ, ಊಟಕ್ಕೆ ಏನಿದೆ ಅಂತ ಅಡುಗೆಮನೆ ಕಡೆ ಕೇಳಿದರು.

"ವಯಸ್ಸಿನ ಲೆಕ್ಕ ಉಪವಾಸಕ್ಕೆ ಮಾತ್ರ. ಮಾಂಸ ಬಿಡುವುದು 14 ತುಂಬಿದ ಮೇಲೆ ಸಾಯುವ ತನಕ" ಅಂದರು ಮಮ್ಮಿ. ಒಳಗಿನಿಂದ ಗಂಜಿ, ಉಪ್ಪಿನಕಾಯಿ ಬಂತು. ಪಪ್ಪಾ ತಮ್ಮ ರಿಯಾಯಿತಿಯನ್ನು ಮೂರು ಹೊತ್ತೂ ಗಂಜಿ ಕುಡಿದೇ ಅನುಭವಿಸಿದರು.

ನಿಜವಾದ ಕಥೆ ಶನಿವಾರದ್ದು. ಈಸ್ಟರಿಗೆ ಸಾನ್ನಾಂ ಆಗಲೇಬೇಕು. ನೋಡಲು ಇಡ್ಲಿಯ ತಮ್ಮ, ಆದರೆ ಹಿಟ್ಟು ಉಬ್ಬಲು ಶೇಂದಿ ಬೇಕು. ಈಗ ಎಲ್ಲರೂ ಪ್ಯಾಕೆಟಿನ ಯೀಸ್ಟ್ ಹಾಕುತ್ತಾರೆ. ಮಮ್ಮಿಯೂ ತಂದಿಟ್ಟಿದ್ದರು. ಆದರೆ ಪಪ್ಪಾನಿಗೆ ಪರಿಮಳ ಬೇಕು. ಸ್ಕೂಟರ್ ತೆಗೆದು ಹೊರಟರು. ಅಂಗಡಿಯವನು "ಮುಚ್ಚಳ ಸ್ವಲ್ಪ ಸಡಿಲ ಇರಲಿ ಸಾಯ್ಬ್ರೇ" ಅಂತ ಹೇಳಿದ್ದನಂತೆ. ಶೇಂದಿ ಬಾಟಲಿಯೊಳಗೂ ಹುಳಿಯುತ್ತಲೇ ಇರುತ್ತದೆ, ಅದರ ಗ್ಯಾಸ್ ಹೊರಗೆ ಹೋಗಬೇಕಲ್ವಾ. ಆದರೆ ಪಪ್ಪಾ ನಲ್ಲಿಯನ್ನೂ ಮೂರು ಸಲ ತಿರುಗಿಸಿ ನೋಡುವ ಮನುಷ್ಯ. ಗಟ್ಟಿಯಾಗಿ ಮುಚ್ಚಿ, ಸೀಟಿನ ಅಡಿ ಹಾಕಿ, ಸ್ಕೂಟರನ್ನು ಬಿಸಿಲಿಗೆ ನಿಲ್ಲಿಸಿ, ಕ್ಷೌರಕ್ಕೆ ಹೋದರು. ಅರ್ಧ ತಲೆ ಆಗುವಾಗ ಹೊರಗೆ 'ಢಬ್' ಅಂತು.

ಮನೆಗೆ ಬಂದದ್ದು ಒಂದು ಲೋಟದಷ್ಟು ಶೇಂದಿ. ಉಳಿದದ್ದನ್ನು ರೈನ್‌ಕೋಟು, ಒರೆಸುವ ಬಟ್ಟೆ, ಇನ್ಶೂರೆನ್ಸ್ ಕಾಗದ ಹಂಚಿಕೊಂಡಿದ್ದವು. ಮಮ್ಮಿ ಏನೂ ಹೇಳಲಿಲ್ಲ. ಅವರು ಏನೂ ಹೇಳದಿದ್ದರೆ ನಾವೆಲ್ಲ ಸುಮ್ನೆ ಕೈಗೆ ಸಿಕ್ಕಿದ ಕೆಲಸ ಮಾಡಲು ಶುರು ಮಾಡುತ್ತೇವೆ. ನಾನು ಆಗಲೇ ಒರೆಸಿದ್ದ ಫ್ಯಾನನ್ನು ಮತ್ತೆ ಒರೆಸಿದೆ. ಉಳಿದ ಲೋಟ ಶೇಂದಿಯನ್ನು ಮಮ್ಮಿ ಹಿಟ್ಟಿಗೆ ಸುರಿದು, ಸಾಲದು ಅಂತ ಯೀಸ್ಟೂ ಹಾಕಿದರು.

ರಾತ್ರಿ ಜಾಗರಣೆಯ ಪೂಜೆಗೆ ಪಪ್ಪಾನದು ಹೊಸ ಬಿಳಿ ಶರ್ಟು. ಅವತ್ತು ಹಳೆ ಒಡಂಬಡಿಕೆಯಿಂದ ಏಳು ವಾಚನಗಳಿರುತ್ತವೆ, ಅಗತ್ಯ ಕಂಡರೆ ಕಡಿಮೆ ಮಾಡಬಹುದು. ನಮ್ಮ ಫಾದರಿಗೆ ಅಗತ್ಯ ಕಾಣಲಿಲ್ಲ. ಏಳೂ ಮುಗಿದು, ಗ್ಲೋರಿಯಾ ಸ್ತುತಿಗೀತೆಗೆ ಗಂಟೆ ಬಾರಿಸಿ, ಪ್ರಸಂಗ ಆಗಿ, ಜ್ಞಾನಸ್ನಾನದ ಮಾತು ಕೊಡಲು ಎಲ್ಲರೂ ಮತ್ತೆ ಮೇಣದ ಬತ್ತಿ ಹಚ್ಚುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗ ನಿಂತಲ್ಲೇ ತೂಕಡಿಸುತ್ತಿದ್ದ. "ಸೈತಾನನನ್ನು ತ್ಯಜಿಸುತ್ತೀರಾ?" ಅಂತ ಫಾದರ್ ಕೇಳಿದರು. "ತ್ಯಜಿಸುತ್ತೇವೆ" ಅಂತ ಪಪ್ಪಾ ಬಾಯಿ ತೆರೆಯುವಾಗಲೇ ಬಿಸಿ ಮೇಣ ಬೆನ್ನಿಗೆ ಬಿತ್ತು. ಅವರ ಬಾಯಿಂದ ಬಂದ ಶಬ್ದ ಯಾವ ಪ್ರಾರ್ಥನೆ ಪುಸ್ತಕದಲ್ಲೂ ಇಲ್ಲ. ಸೈತಾನನಿಗೆ ಮಾತ್ರ ಸರಿಯಾಗಿ ತಲುಪಿರಬೇಕು.

ಮನೆಗೆ ಬಂದು ನೋಡಿದರೆ ಹಿಟ್ಟು ಪಾತ್ರೆ ಬಿಟ್ಟು ಗ್ರಾನೈಟ್ ದಾಟಿ ಗ್ಯಾಸ್ ಸಿಲಿಂಡರಿನ ಕಡೆ ಹೊರಟಿತ್ತು. ಶೇಂದಿ ಮತ್ತು ಯೀಸ್ಟ್ ಒಂದೇ ಪಾತ್ರೆಯಲ್ಲಿ, ಈ ಸೆಕೆಗೆ! ಆದರೂ ಒಂದು ಮಾತು ಹೇಳಲೇಬೇಕು, ಪಾತ್ರೆಯಲ್ಲಿ ಉಳಿದ ಹಿಟ್ಟಿನ ಸಾನ್ನಾಂ ಹತ್ತಿಯ ಹಾಗಿದ್ದವು. ಹಂದಿ ಮಾಂಸದ ಬಫಾತಿನ ಗಸಿಯನ್ನು ಒಂದೇ ಮುಳುಗಿಗೆ ಹೀರಿಕೊಂಡವು.

ಹಬ್ಬದ ಬೆಳಿಗ್ಗೆ ಪಪ್ಪಾ ಯೂಟ್ಯೂಬ್ ನೋಡಿ ಶರ್ಟಿನ ಮೇಣ ತೆಗೆಯಲು ಕೂತರು. ಮೇಲೆ ಕಾಗದ ಇಟ್ಟು ಇಸ್ತ್ರಿ ಮಾಡಿದರೆ ಮೇಣ ಕಾಗದಕ್ಕೆ ಹೋಗುತ್ತದೆ. ಹೋಯಿತು ಕೂಡ. ಆದರೆ ಇವರು ಇಟ್ಟದ್ದು ಅವತ್ತಿನ ಪೇಪರು. ಮೇಣ ಪೇಪರಿಗೆ, ಪೇಪರಿನ ಶಾಯಿ ಶರ್ಟಿಗೆ. ಬೆನ್ನ ಮೇಲೆ ವಾರಭವಿಷ್ಯ ಉಲ್ಟಾ ಅಚ್ಚಾಗಿತ್ತು. ಅಣ್ಣನ ಮಗಳು ಕನ್ನಡಿಯ ಎದುರು ಅಜ್ಜನನ್ನು ನಿಲ್ಲಿಸಿ ಜೋಡಿಸಿ ಓದಿದಳು: "ಮಕರ... ಅನಗತ್ಯ ಖರ್ಚು."

ಅವಳಿಗಾಗಿಯೇ ಅಂಗಳದಲ್ಲಿ ಚಾಕಲೇಟ್ ಮೊಟ್ಟೆ ಅಡಗಿಸಿದ್ದೆವು. ಹತ್ತು ಗಂಟೆಗೆಲ್ಲ ಕರಗಿ, ಅವಳಿಗಿಂತ ಮೊದಲು ಇರುವೆಗಳು ಹುಡುಕಿದವು. ಬೇಕರಿಯಿಂದ ತಂದ ಗೋಡಂಬಿ ಮಾರ್ಜಿಪಾನ್ ಮೊಟ್ಟೆ ಕರಗಲಿಲ್ಲ, ಅದನ್ನು ಕಾಗೆ ಎತ್ತಿಕೊಂಡು ಹೋಯಿತು. ವಿಡಿಯೊ ಕಾಲಿನಲ್ಲಿ ಇದನ್ನೆಲ್ಲ ನೋಡುತ್ತಿದ್ದ ಅಕ್ಕ, ಅಲ್ಲಿ ತನಗೆ ತುಂಬಾ ಬೋರ್ ಅಂದಳು.

ಸೋಮವಾರ ನನ್ನ ಬೈಕ್ ಸರ್ವಿಸಿಗೆ ಹೋಗಿತ್ತು. ಪಪ್ಪಾನ ಸ್ಕೂಟರಿನಲ್ಲಿ ಆಫೀಸಿಗೆ ಹೊರಟೆ. ಸರ್ಕಲಿನಲ್ಲಿ ಪೊಲೀಸರು ಕೈ ಅಡ್ಡ ಹಾಕಿದರು. ಮೊಬೈಲಿನಲ್ಲಿ ಚಾರ್ಜ್ ಇರಲಿಲ್ಲ. ಸೀಟು ಎತ್ತಿ ಇನ್ಶೂರೆನ್ಸ್ ಕಾಗದ ಕೊಟ್ಟೆ.

ಅವರು ಹಿಂದೆ ಸರಿದರು. "ಬೆಳಿಗ್ಗೆ ಬೆಳಿಗ್ಗೆಯೇ ಎಂಥ ಮಾರಾಯ್ರೆ ಇದು?"

"ನಾನು ಕುಡಿದಿಲ್ಲ ಸಾರ್. ಕಾಗದ ಕುಡಿದದ್ದು."

ಮೆಷಿನ್ ಊದಿಸಿದರು. ಸೊನ್ನೆ. ಕಾಗದವನ್ನು ಮೂಗಿನ ಹತ್ತಿರ ಹಿಡಿದು ಇನ್ನೊಮ್ಮೆ ಎಳೆದರು. ಮಡಚಿ ವಾಪಸ್ ಕೊಡುತ್ತಾ, ಸ್ವರ ತಗ್ಗಿಸಿ ಕೇಳಿದರು: "ಮಿಕ್ಸ್ ಇಲ್ಲ. ಎಲ್ಲಿಂದ ತಂದದ್ದು?"