ಮುಂಗಡ ತಗೊಂಡ ಮೇಲೆ: 1971ರ ಸೋವಿಯತ್ ಒಪ್ಪಂದ ಸರಿಯಾಗಿತ್ತಾ?

ಕಲಬುರಗಿಯ ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಚಹಾ ಕುಡಿಯುವಾಗ ಹುಟ್ಟಿದ ವಾದ ಇದು. ಅಮೆರಿಕ, ಸೋವಿಯತ್ ಒಕ್ಕೂಟ ಎರಡೂ ಹಲ್ಲು ಕಡಿಯುತ್ತಿದ್ದಾಗ ಭಾರತ ಒಬ್ಬರ ಕೈ ಹಿಡಿದದ್ದು ಸರಿಯಾ? ಎರಡೂ ಕಡೆ ನಾನೇ ಬರೆದಿದ್ದೇನೆ. ಮನಸ್ಸು ಎತ್ತ ವಾಲಿದೆ ಅಂತ ಗೊತ್ತಾದರೆ ಬೈಯಬೇಡಿ.

ಪರ

ಬಿತ್ತನೆ ಹೊತ್ತಿಗೆ ಕೈಯಲ್ಲಿ ದುಡ್ಡಿಲ್ಲದ ರೈತ ಮುಂಗಡ ಕೊಡುವ ಅಡತಿ (ದಲ್ಲಾಳಿ) ಅಂಗಡಿಗೆ ಹೋಗದೆ ಏನು ಮಾಡಬೇಕು? ಮಳೆ ಕಾಯುತ್ತದಾ?

1971ರ ಜುಲೈನಲ್ಲಿ ಅಮೆರಿಕ ಅಧ್ಯಕ್ಷರ ಭದ್ರತಾ ಸಲಹೆಗಾರ ಕಿಸಿಂಜರ್ ಪಾಕಿಸ್ತಾನದ ಮೂಲಕ ಗುಟ್ಟಾಗಿ ಬೀಜಿಂಗ್‌ಗೆ ಹೋಗಿ ಬಂದರು. ಅಮೆರಿಕ, ಪಾಕಿಸ್ತಾನ, ಚೀನಾ ಮೂವರೂ ಒಂದೇ ಕಟ್ಟೆಗೆ ಕೂತ ಹಾಗಾಯಿತು. ಇತ್ತ ಆಗ ಪಾಕಿಸ್ತಾನದ ಭಾಗವಾಗಿದ್ದ ಪೂರ್ವ ಬಂಗಾಳದಿಂದ (ಇಂದಿನ ಬಾಂಗ್ಲಾದೇಶ) ಜನ ಓಡಿ ಬರುತ್ತಲೇ ಇದ್ದರು. ಕೊನೆಗೆ ಆ ಲೆಕ್ಕ ಸುಮಾರು ಒಂದು ಕೋಟಿ ಮುಟ್ಟಿತು. ಆಗಸ್ಟ್ 9ರಂದು ದೆಹಲಿಯಲ್ಲಿ ನಮ್ಮ ವಿದೇಶಾಂಗ ಸಚಿವ ಸ್ವರಣ್ ಸಿಂಗ್, ಸೋವಿಯತ್ ವಿದೇಶಾಂಗ ಸಚಿವ ಗ್ರೊಮಿಕೊ ಸ್ನೇಹ ಒಪ್ಪಂದಕ್ಕೆ ಸಹಿ ಹಾಕಿದರು.

ಅದರಿಂದ ಸಿಕ್ಕಿದ್ದು ಟೈಮು. ಟೈಮಿನ ಬೆಲೆ ನಮ್ಮ ಸೀಮೆಯವರಿಗೆ ಗೊತ್ತಿರಬೇಕು. ಆಗ ನಾವು ಹೈದರಾಬಾದ್ ನಿಜಾಮರ ಕೈಕೆಳಗಿದ್ದೆವು. 1948ರಲ್ಲಿ ಭಾರತದ ಮೇಲೆ ನಿಜಾಮರ ದೂರನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಕೈಗೆತ್ತಿಕೊಂಡದ್ದು ಸೆಪ್ಟೆಂಬರ್ 16ಕ್ಕೆ. ಮರುದಿನವೇ ಹೈದರಾಬಾದ್ ಶರಣಾಯಿತು. ನಾವು ಪ್ರತಿ ವರ್ಷ ಬಾವುಟ ಹಾರಿಸುತ್ತೇವಲ್ಲ, ಅದೇ ದಿನ. ನಮ್ಮ ಸೇನೆ ಐದು ದಿನದಲ್ಲಿ ಮುಗಿಸಿದ ಕೆಲಸಕ್ಕೆ ಯಾರ ವೀಟೊವೂ (ಮಂಡಳಿಯ ನಿರ್ಣಯ ತಡೆಯುವ ಮತ) ಬೇಕಾಗಲಿಲ್ಲ. 1971ರ ಡಿಸೆಂಬರ್‌ನಲ್ಲಿ ಪಾಕಿಸ್ತಾನದ ಜೊತೆ ಯುದ್ಧವಾದಾಗ ಪೂರ್ವ ಬಂಗಾಳದ ಢಾಕಾಕ್ಕೆ ಮಾತ್ರ ಹದಿಮೂರು ದಿನ ಹಿಡಿಯಿತು. ಅಷ್ಟರಲ್ಲಿ ಯುದ್ಧ ನಿಲ್ಲಿಸಿ ಅಂತ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ 104 ದೇಶಗಳು ಕೈ ಎತ್ತಿದವು. ಬೇಡ ಅಂದದ್ದು ನಾವೂ ಸೇರಿ ಬರೀ 11. ಆ ಸಭೆಯ ಮಾತನ್ನು ಕೇಳಲೇಬೇಕು ಅಂತ ಏನೂ ಇರಲಿಲ್ಲ. ಭದ್ರತಾ ಮಂಡಳಿಯದು ಹಾಗಲ್ಲ. ಅಲ್ಲಿ ಸೋವಿಯತ್ತು ಮೂರು ಸಲ ವೀಟೊ ಹಾಕಿತು. ಅದಿಲ್ಲದಿದ್ದರೆ ನಮ್ಮ ಸೇನೆ ಢಾಕಾ ಮುಟ್ಟುವ ಮುಂಚೆಯೇ ನಿಲ್ಲಬೇಕಾಗುತ್ತಿತ್ತು.

ವಿರೋಧ

ಸರಿ, ಮುಂಗಡ ತಗೊಂಡಿರಿ. ಸುಗ್ಗಿಯಲ್ಲಿ ತೊಗರಿ ಎಲ್ಲಿ ಹಾಕುತ್ತೀರಿ? ಅದೇ ಅಂಗಡಿಗೆ ಅಲ್ವಾ? ರೇಟು ಹೇಳುವವನೂ ಅವನೇ.

ನಮ್ಮನ್ನು ಹೆದರಿಸಲು ಅಮೆರಿಕ ಕಳಿಸಿದ ಎಂಟರ್‌ಪ್ರೈಸ್ ಯುದ್ಧ ಹಡಗಿನ ಕಥೆಯನ್ನು ನಾವು ಜಾಸ್ತಿ ಹಿಗ್ಗಿಸುತ್ತೇವೆ. ಅದು ಬಂಗಾಳ ಕೊಲ್ಲಿಗೆ ಬರುವ ಹೊತ್ತಿಗೆ ಯುದ್ಧ ಮುಗಿಯುತ್ತಾ ಬಂದಿತ್ತು. ಇನ್ನು ಒಪ್ಪಂದದ ಒಂಬತ್ತನೇ ಕಲಮು ಓದಿ. ದಾಳಿಯಾದರೆ ಕೂತು ಸಮಾಲೋಚನೆ ಮಾಡೋಣ ಅಂತಿದೆ, ಜೊತೆಗೆ ನಿಂತು ಹೊಡೆದಾಡುತ್ತೇವೆ ಅಂತಿಲ್ಲ. ಗೆದ್ದದ್ದು ಸೇನಾ ಮುಖ್ಯಸ್ಥ ಮಾಣೆಕ್‌ಷಾ ಅವರ ತಯಾರಿ, ಸೈನಿಕರ ಕಾಲು, ಪೂರ್ವ ಬಂಗಾಳದ ಹೋರಾಟಗಾರರ ಪಡೆ ಮುಕ್ತಿ ವಾಹಿನಿಯ ಹುಡುಗರು.

ವೀಟೊದ ಮಾತು ಒಪ್ಪುತ್ತೇನೆ. ಒಪ್ಪದೆ ಗತಿಯಿಲ್ಲ. ಆದರೆ ಸಾಲದ ಚೀಟಿ 1979ರ ಡಿಸೆಂಬರ್‌ನಲ್ಲಿ ಮನೆ ಬಾಗಿಲಿಗೆ ಬಂತು. ಸೋವಿಯತ್ ಸೇನೆ ಆಫ್ಘಾನಿಸ್ತಾನಕ್ಕೆ ನುಗ್ಗಿತು. ಜನವರಿಯಲ್ಲಿ ವಿದೇಶಿ ಸೇನೆ ಅಲ್ಲಿಂದ ಹೊರಡಲಿ ಅನ್ನುವ ನಿರ್ಣಯವನ್ನು ಸಾಮಾನ್ಯ ಸಭೆ ಮತಕ್ಕೆ ಹಾಕಿದಾಗ ಭಾರತ ತಟಸ್ಥವಾಗಿ ಕೂತಿತು. ಒಂದು ಕೋಟಿ ನಿರಾಶ್ರಿತರನ್ನು ತೋರಿಸಿ ಊರೂರಿನ ಬಾಗಿಲು ತಟ್ಟಿದವರು ನಾವು. ಆಫ್ಘನ್ನರು ಗಂಟುಮೂಟೆ ಕಟ್ಟಿಕೊಂಡು ಪೇಶಾವರದ ಕಡೆ ನಡೆಯುವಾಗ ನಮ್ಮ ಕೈ ಮೇಲೇಳಲಿಲ್ಲ.