ಹುಬ್ಬಳ್ಳಿಯೇ ಹುಬ್ಬಳ್ಳಿ ಎಂದು ಪ್ರಮಾಣ ಮಾಡಿ

ಪಾಸ್‌ಬುಕ್ಕಿನ ಇಂಗ್ಲಿಷಿನಲ್ಲಿ ‘ಹುಬ್ಲಿ’, ಆಧಾರ್ ಕಾರ್ಡಿನಲ್ಲಿ ‘ಹುಬ್ಬಳ್ಳಿ’ ಎಂದಿದ್ದರೆ ಏನೇನು ಅನುಭವಿಸಬೇಕೆಂದು ಈ ಊರಿನವರಿಗೆ ಹೇಳಬೇಕಿಲ್ಲ. ನೋಟರಿಯ ಮುಂದೆ ನಿಂತು, ಎರಡೂ ಒಂದೇ ಊರು ಎಂದು ಪ್ರಮಾಣ ಮಾಡಬೇಕು. 2014ರ ನವೆಂಬರ್ 1ರಂದು ಹೆಸರು ತಿದ್ದಿದ್ದು ಸರ್ಕಾರ. ಸಾಕ್ಷಿ ಹೇಳುವವರು ನಾವು.

ಹೆಸರಿನ ವಿಷಯದಲ್ಲಿ ಶ್ರೀಲಂಕಾದವರು ಪುಣ್ಯವಂತರು. ಅಶೋಕನ ಶಾಸನ ಆ ದ್ವೀಪವನ್ನು ತಂಬಪಂಣಿ ಎಂದಿತು. ಗ್ರೀಕರ ಬಾಯಲ್ಲಿ ಅದು ತಪ್ರೊಬಾನೆ ಆಯಿತು. ಪ್ರಾಚೀನ ಭೂಗೋಳಜ್ಞ ಟಾಲೆಮಿಯಂತೂ ದ್ವೀಪವನ್ನು ಎಷ್ಟು ಹಿಗ್ಗಿಸಿದನೆಂದರೆ, ಅವನ ನಕ್ಷೆಯಲ್ಲಿ ನಮ್ಮ ದಕ್ಷಿಣ ಭಾರತವೇ ಚಪ್ಪಟೆ! ಅರಬರು ಸಿಂಹಳದ್ವೀಪವನ್ನು ಸೆರೆಂದೀಬ್ ಮಾಡಿಕೊಂಡರು, ಬ್ರಿಟಿಷರು ಸಿಲೋನ್ ಎಂದರು, ತಮಿಳರಿಗೆ ಅದು ಇಂದಿಗೂ ಇಲಂಗೈ. 1972ರಲ್ಲಿ ಶ್ರೀಲಂಕಾ ಆದ ಮೇಲೂ ಬ್ಯಾಂಕ್ ಆಫ್ ಸಿಲೋನ್ ಬಾಗಿಲು ಹಾಕಿಲ್ಲ, ಚಹಾ ಸಿಲೋನ್ ಚಹಾ ಆಗಿಯೇ ಮಾರಾಟವಾಗುತ್ತಿದೆ.

ತಂಬಪಂಣಿ ಎಂಬ ಹೆಸರಿಗೆ ಲಂಕೆಯ ಹಳೆಯ ಪಾಲಿ ಚರಿತ್ರೆ ಮಹಾವಂಶ ಒಂದು ಕಥೆ ಹೇಳುತ್ತದೆ. ದ್ವೀಪದ ಮೊದಲ ರಾಜನೆಂದು ಕಥೆ ಹೇಳುವ ವಿಜಯನ ಸಂಗಡಿಗರು ದಡಕ್ಕಿಳಿದು, ದಣಿದು ನೆಲಕ್ಕೆ ಕೈಯೂರಿದಾಗ ಅಂಗೈಗೆ ಕೆಂಪು ಮಣ್ಣು ಹತ್ತಿತಂತೆ. ಅದಕ್ಕೇ ತಾಮ್ರದ ಕೈ ಎಂಬ ಹೆಸರು. ಅದೇ ವಿಜಯ ನಮ್ಮ ಹಳೇ ಬಸ್ ನಿಲ್ದಾಣದ ಬಳಿ ಇಳಿದಿದ್ದರೆ? ಕೈಯೂರುವ ಶ್ರಮವೇ ಇರುತ್ತಿರಲಿಲ್ಲ; ಧೂಳು ತಾನಾಗಿ ಬಂದು ಕಣ್ಣು, ಮೂಗು, ಮೀಸೆಗೆಲ್ಲ ಬಣ್ಣ ಹಚ್ಚುತ್ತಿತ್ತು. ಆ ಹೆಸರನ್ನು ಪಾಲಿಕೆಯ ಫಲಕದ ಮೇಲೆ ಬರೆಯಲು ಬರುತ್ತಿರಲಿಲ್ಲ, ಅಷ್ಟೇ.

ಧಾರವಾಡದವರು ಬಚಾವಾದರು. ಅವರ ಊರಿನ ಇಂಗ್ಲಿಷ್ ಕಾಗುಣಿತವನ್ನು ಯಾರೂ ಮುಟ್ಟಲಿಲ್ಲ. ಪೇಢೆ ತಿನ್ನುತ್ತ ನಮ್ಮ ಪಾಡು ನೋಡುತ್ತಿದ್ದಾರೆ. ಅವಳಿ ನಗರ ಎಂದರೆ ಹೀಗೆ.

ರೈಲ್ವೆಯವರನ್ನು ಮೆಚ್ಚಬೇಕು. ನಿಲ್ದಾಣಕ್ಕೆ ಸಿದ್ಧಾರೂಢ ಸ್ವಾಮೀಜಿಯವರ ಹೆಸರು ಬಂತು, 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಬಂತು. ಸಂಕೇತಾಕ್ಷರ ಮಾತ್ರ ಅದೇ ಯುಬಿಎಲ್. ಆದರೂ ಯಾವ ರೈಲೂ ದಾರಿ ತಪ್ಪಿಲ್ಲ.

ದಾರಿ ತಪ್ಪುವುದು ಕೌಂಟರಿನ ಮುಂದೆ ನಿಂತ ಮುದುಕರು. ಪಿಂಚಣಿಗೆ ಬಂದವರನ್ನು, ಕೈ ನಡುಗಿ ಸಹಿ ಕೂಡದವರನ್ನು, ಒಂದು ಕಾಗುಣಿತಕ್ಕಾಗಿ ಬಿಸಿಲಲ್ಲಿ ಅಲೆಸುವುದಕ್ಕೆ ನಾಚಿಕೆಯಾಗಬೇಕು. ‘ಕಂಪ್ಯೂಟರ್ ಒಪ್ಪುವುದಿಲ್ಲ ಅಜ್ಜಾ’ ಎನ್ನುತ್ತಾರೆ. ಹಾಗಿದ್ದರೆ ಸರ್ಕಾರದ ಅಧಿಸೂಚನೆಯ ಪ್ರತಿಯನ್ನು ಆ ಕಂಪ್ಯೂಟರಿಗೇ ಕೊಡಿ. ಅಜ್ಜನನ್ನು ಮನೆಗೆ ಕಳಿಸಿ.