ಮಿಸೊ ಸೂಪ್ ಸಸ್ಯಾಹಾರವೇ? ಒಂದು ಸ್ಪಷ್ಟನೆ
ಮಿಸೊ ಎಂದರೆ ಸೋಯಾ ಕಾಳು ಹುದುಗಿಸಿ ಮಾಡುವ ಜಪಾನಿ ಪೇಸ್ಟ್, ಹಾಗಾಗಿ ಜಪಾನಿನಲ್ಲಿ ಸಸ್ಯಾಹಾರಿಗಳು ಮಿಸೊ ಸೂಪನ್ನು ನಿಶ್ಚಿಂತೆಯಿಂದ ಕುಡಿಯಬಹುದು ಎಂಬ ಸಂದೇಶ ಹರಿದಾಡುತ್ತಿದೆ. ದಯವಿಟ್ಟು ನಂಬಬೇಡಿ. ಮಿಸೊ ಕದಡುವುದು ಬರೀ ನೀರಿಗಲ್ಲ, ದಾಶಿ ಎಂಬ ತಿಳಿಸಾರಿಗೆ. ಅದನ್ನು ಸಾಮಾನ್ಯವಾಗಿ ಕತ್ಸುಓಬುಶಿ, ಅಂದರೆ ಹೊಗೆಯಲ್ಲಿ ಒಣಗಿಸಿದ ಮೀನಿನ ತೆಳು ಹೆರಕಲಿನಿಂದ ತೆಗೆಯುತ್ತಾರೆ. ಸೋಸಿದ ಮೇಲೆ ಬಟ್ಟಲಲ್ಲಿ ಮೀನು ಕಾಣುವುದೇ ಇಲ್ಲ. ಉದೊನ್, ಸೊಬಾ ಎಂಬ ಜಪಾನಿ ನೂಡಲ್ಸ್‌ಗಳ ಸಾರಿನಲ್ಲೂ ಇದೇ ತೊಡಕು. ಆದ್ದರಿಂದ ‘ಮೀನಿದೆಯೇ’ ಎನ್ನುವುದಕ್ಕಿಂತ ‘ದಾಶಿ ಯಾವುದರದು’ ಎಂದು ಕೇಳಿ. ಬೌದ್ಧ ಮಠಗಳ ಶೋಜಿನ್ ರ್‍ಯೋರಿ ಅಡುಗೆಯಲ್ಲಿ ಮೀನು ಬಳಸುವುದಿಲ್ಲ.

ಮನೆಯಲ್ಲಾದರೆ ಮೀನಿಲ್ಲದ ದಾಶಿಗೆ 1 ಲೀಟರ್ ನೀರಿಗೆ 10 ಗ್ರಾಂ ಕೊಂಬು ಎಂಬ ಕಡಲಪಾಚಿ ಹಾಕಿ 30 ನಿಮಿಷ ನೆನೆಸಿ, ಸಣ್ಣ ಉರಿಯಲ್ಲಿ ಕಾಯಿಸಿ. ಕುದಿ ಬರುವ ಮೊದಲೇ ಪಾಚಿ ತೆಗೆಯಿರಿ, ಇಲ್ಲವಾದರೆ ಲೋಳೆ, ಕಹಿ ಬಿಡುತ್ತದೆ. ಒಲೆ ಆರಿಸಿದ ಮೇಲೆ ಮಿಸೊ ಕದಡಿ. ಕುದಿಸಿದರೆ ಪರಿಮಳ ಹಾರಿಹೋಗುತ್ತದೆ. ಪೊಟ್ಟಣದ ಮೇಲೆ ‘ದಾಶಿ-ಇರಿ’ ಎಂದಿದ್ದರೆ ಆ ಮಿಸೊದಲ್ಲೇ ದಾಶಿ ಬೆರೆತಿರುತ್ತದೆ.